ನಡೆದುಬಂದ ಮಂಕರಿ

ಕಟ್ಟಡ ಏಳುವ ಮೊದಲು ಆ ಜಾಗದಲ್ಲಿ ಯಾವ ಯಾವ ಜೀವಿಗಳಿವೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಹೀಗೊಂದು ಕೆಲಸ ಇದೆ ಎಂದರೆ ಯಾರೂ ನಂಬುವುದಿಲ್ಲ. ನಮ್ಮತ್ತೆ ಕೆಂಪಾಪುರದ ಅಕ್ಕಪಕ್ಕದವರಿಗೆಲ್ಲ "ಸೊಸೆ ಸರ್ವೇ ಡಿಪಾರ್ಟ್‌ಮೆಂಟು" ಎಂದು ಹೇಳಿಬಿಟ್ಟಿದ್ದಾರೆ. ಸೈಟಿನ ಅಳತೆಯ ತಕರಾರು ಹೊತ್ತು ಬರುವವರಿಗೆ ಕಾಫಿ ಕೊಟ್ಟು ಕಳಿಸಿ ನನಗೆ ಸಾಕಾಗಿದೆ.

ಯಲಹಂಕದಾಚೆ ಮೂರೆಕರೆ ಜಾಗವೊಂದರ ಕೆಲಸ ಬಂದಿತ್ತು. ಅಲ್ಲಿ ಲೇಔಟ್ ಮಾಡಲು ಹೊರಟ ಯಜಮಾನರು ಅದೇ ಊರಿನವರು. ಅಪ್ಪನ ಕಾಲದವರೆಗೆ ರಾಗಿ ಬೆಳೆದ ಮನೆತನ, ಈಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸೈಟು ಮಾರುತ್ತಿದ್ದರು. ಮೊದಲ ದಿನವೇ ಪೊದೆಯೊಂದರ ಬುಡದಲ್ಲಿ ನಕ್ಷತ್ರ ಆಮೆ ಕಂಡಿತು. ಬೆನ್ನ ತುಂಬ ಹಳದಿ ಗೆರೆಯ ನಕ್ಷತ್ರಗಳಿರುವ ಈ ಆಮೆ ನಮ್ಮ ಕಡೆ ಈಗ ಅಪರೂಪ. ಫೋಟೋ ತೆಗೆಯೋಣವೆಂದರೆ ನನ್ನ ಫೋನು ಚಾರ್ಜು ಮುಗಿದು ಮಲಗಿತ್ತು. ಅದು ನನ್ನ ಮೊದಲ ತಪ್ಪು. ಸಂತೋಷ ತಡೆಯಲಾರದೆ ಯಜಮಾನರಿಗೆ, "ನಿಮ್ಮ ಜಾಗದಲ್ಲಿ ಬಂಗಾರ ಇದೆ! ಫೋಟೋ ಸಿಕ್ಕಿದ್ರೆ ಪೊದೆ ಇರೋ ಕಡೆ ಹಾಗೇ ಬಿಡಬೇಕು, ರಸ್ತೆ ಬೇರೆ ಕಡೆ ತಿರುಗಿಸ್ಬೇಕು" ಎಂದು ಹೇಳಿಬಿಟ್ಟೆ. ಎರಡನೆಯ ತಪ್ಪು ಇದು, ಮೊದಲನೆಯದಕ್ಕಿಂತ ದೊಡ್ಡದು.

ಆಫೀಸಿನಲ್ಲಿ ಬಾಸು, "ಫೋಟೋ ಇಲ್ಲ ಅಂದ್ರೆ ಆಮೆ ಇಲ್ಲ. ಇನ್ನೊಂದು ದಿನ ಹೋಗಿ ಬನ್ನಿ, ಅಷ್ಟೇ" ಎಂದರು.

ಹದಿನೈದು ದಿನ ಬಿಟ್ಟು ಹೋದೆ. ಗೇಟಿಗೆ ಮಾವಿನ ತೋರಣ, ಅದರ ಕೆಳಗೆ ರಂಗೋಲಿ, ಒಂದು ಕುರ್ಚಿ, ಕುರ್ಚಿಯ ಪಕ್ಕ ಎಳನೀರು. ಒಳಗೆ ಒಂದು ಹುತ್ತ, ಅದರ ಸುತ್ತಲಿನ ಪೊದೆ ಬಿಟ್ಟರೆ ಮೂರೆಕರೆಯೂ ಬೋಳು. ಬೋಳಿಸಿದ ತಲೆಯ ಮೇಲೆ ವಿಭೂತಿ ಎಳೆದ ಹಾಗೆ ರಸ್ತೆ ಬರುವಲ್ಲಿ ಸುಣ್ಣದ ಗೆರೆ.

"ದೊಡ್ಡೋರು ಬರೋವಾಗ ಗಲೀಜಿರ್ಬಾರ್ದು ಅಂತ ಜೆಸಿಬಿ ತರ್ಸಿ ಕಿಲೀನ್ ಮಾಡ್ಸಿದೀನಿ ಮೇಡಂ" ಎಂದರು ಯಜಮಾನರು. "ಆವು ಗೀವು ಇದ್ರೆ ನಿಮ್ಗೆ ತೊಂದ್ರೆ."

"ನಾನು ಬಂದಿರೋದೇ ಹಾವು ಗೀವು ನೋಡೋಕೆ ಕಣ್ರೀ!"

ಮಧ್ಯಾಹ್ನದವರೆಗೆ ಅಲೆದೆ. ಸಿಕ್ಕಿದ್ದು ಎರಡು ಕಾಗೆ, ಒಂದು ಗೊರವಂಕ, ಮತ್ತು ಯಜಮಾನರ ಮನೆಯ ನಾಯಿ. ಕೋಪಕ್ಕಿಂತ ಹೆಚ್ಚಾಗಿ ಅಳು ಬರುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಆಮೆ ಬದುಕಿರುತ್ತಿತ್ತು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಊಟ ಮಾಡದೆ ಕಳಿಸುವುದಿಲ್ಲ ಎಂದು ಯಜಮಾನರು ಮನೆಗೆ ಕರೆದೊಯ್ದರು. ಅವರ ತಾಯಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಎರಡನೆಯ ತುತ್ತು ನುಂಗುವಾಗ ನೋಡುತ್ತೇನೆ, ಪಡಸಾಲೆಯ ಮೂಲೆಯಲ್ಲಿ ಬೋರಲು ಹಾಕಿದ್ದ ಕೋಳಿ ಮುಚ್ಚುವ ಮಂಕರಿ ತಾನೇ ಹೊರಟಿತು. ಒಂದು ಗೇಣು ಬಂತು, ನಿಂತಿತು. ಮತ್ತೆ ಒಂದು ಗೇಣು ಬಂತು.

"ಕೋಳಿ" ಎಂದರು ಯಜಮಾನರು.

ಮಂಕರಿ ಗೋಡೆಗೆ ಬಡಿಯಿತು. ಕೋಳಿಯಾದರೆ ಅಷ್ಟೊತ್ತಿಗೆ ಊರೆಲ್ಲ ಕೇಳುವ ಹಾಗೆ ಕೂಗಾಡಿರುತ್ತಿತ್ತು.

"ಯಾವ ಕೋಳೀನೋ?" ಎಂದು ಅಜ್ಜಿ ಸೌಟು ಹಿಡಿದೇ ತಿರುಗಿದರು. "ಆಮೆ ಕಣವ್ವಾ. ಜೆಸಿಬಿ ಬರೋಕ್ಮುಂಚೆ ಎತ್ಕೊಂಡ್ ಬಂದವ್ನೆ. ನೀನು ಓದ್ಮೇಲೆ ಕೆರೆಗೆ ಬಿಡ್ತಾನಂತೆ. ನಾನು ದಿನಾ ಟೊಮೇಟೊ ಆಕ್ತಾ ಇದೀನಿ."

"ಅದು ನೆಲದ ಆಮೆ, ಅಜ್ಜಿ. ಈಜು ಬರಲ್ಲ. ಕೆರೆಗೆ ಬಿಟ್ರೆ ಮುಳುಗಿ ಸಾಯುತ್ತೆ."

ಯಜಮಾನರ ಕೈಯ ಮುದ್ದೆ ಸಾರಿನಲ್ಲೇ ನಿಂತಿತು. "ಆಮೆಗೆ ಈಜು ಬರಲ್ವಾ?" ಎಂದು ಅವರು ಕೇಳಿದ ರೀತಿಯಲ್ಲಿ ಮೋಸವಿರಲಿಲ್ಲ, ನಿಜವಾದ ಗಾಬರಿಯಿತ್ತು. ಸಾಯಲಿ ಎಂದಿದ್ದರೆ ಜೆಸಿಬಿಗೇ ಬಿಡಬಹುದಿತ್ತಲ್ಲ ಎಂಬುದು ನನಗೂ ಆಗಲೇ ಹೊಳೆದದ್ದು.

"ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ ಬಾ. ಆಮೇಲೆ ಊಟ" ಎಂದು ಅಜ್ಜಿ ಅವರ ತಟ್ಟೆ ಎಳೆದುಕೊಂಡರು.

ಹೀಗೆ ಯಜಮಾನರು ಟವೆಲಿನಲ್ಲಿ ಆಮೆ ಸುತ್ತಿಕೊಂಡು ತಮ್ಮದೇ ಜಾಗದ ನಡುವೆ ನಿಂತರು. ನೆತ್ತಿಯ ಮೇಲೆ ಸೂರ್ಯ. ಬೋಳಿಸಿದ ನೆಲದಲ್ಲಿ ಎಲ್ಲೂ ಒಂದು ಆಮೆಗೆ ಆಗುವಷ್ಟು ನೆರಳಿಲ್ಲ. ಆ ತುದಿಗೆ ಹೋದರು, ಈ ತುದಿಗೆ ಬಂದರು. ಅಷ್ಟರಲ್ಲಿ ಆಮೆ ಅವರ ಬಿಳಿ ಅಂಗಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು.

"ಎಲ್ಲಿ ಬಿಡ್ಲಿ ಮೇಡಂ?"

"ನಿಮ್ಮ ಜಾಗ, ನೀವೇ ಹೇಳಿ" ಎಂದೆ. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಉಳಿದಿದ್ದದ್ದು ಒಂದೇ ಕಡೆ, ಅಜ್ಜಿ ಹಾಲೆರೆಯುವ ಹುತ್ತ. ಅದನ್ನು ಮುಟ್ಟಲು ಒಪ್ಪದೆ ಜೆಸಿಬಿಯವನು ಕೈಮುಗಿದು ಹೋಗಿದ್ದ. ಪೂಜೆ ಮಾಡಿಸಿ ತೆಗೆಸಿದರಾಯಿತು ಎಂದು ಯಜಮಾನರು ಸುತ್ತಲಿನ ಪೊದೆಯನ್ನೂ ಹಾಗೇ ಬಿಟ್ಟಿದ್ದರು. ಸುಣ್ಣದ ಗೆರೆ ನೇರ ಅದರ ಬುಡಕ್ಕೇ ಹೋಗಿ ನಿಂತಿತ್ತು. ಯಜಮಾನರು ಬಗ್ಗಿ ಆಮೆಯನ್ನು ಅಲ್ಲಿ ಇಳಿಸಿದರು. ಅದು ಸ್ವಲ್ಪ ಹೊತ್ತು ಯೋಚಿಸಿ, ತಲೆ ಹೊರಹಾಕಿ, ನಿಧಾನವಾಗಿ ಪೊದೆಯೊಳಗೆ ನಡೆಯಿತು. ಈ ಸಲ ನನ್ನ ಫೋನಿನಲ್ಲಿ ಚಾರ್ಜು ಇತ್ತು.

"ಏನಂತ ಬರೀತೀರಾ ಮೇಡಂ?"

"ನೋಡಿದ್ದನ್ನೆಲ್ಲ ಬರೀತೀನಿ."

"ಮಂಕರೀನೂ?"

"ಮಂಕರೀನೂ."

ಅವರು ಪೊದೆಯ ಕಡೆ ನೋಡಿದರು, ಒದ್ದೆ ಅಂಗಿಯ ಕಡೆ ನೋಡಿದರು. ಆಮೇಲೆ ಹುತ್ತದ ಮುಂದಿನ ಸುಣ್ಣದ ಗೆರೆಯನ್ನು ಚಪ್ಪಲಿಯಿಂದ ಉಜ್ಜತೊಡಗಿದರು. ಒಂದು ಮಾರು ಉದ್ದ ಅಳಿಸಿ ತಲೆಯೆತ್ತಿದರು.

"ಅಂಗಾದ್ರೆ ಇದ್ನೂ ಬರ್ಕಳಿ."