ಮೂಲಂಗಿಗೆ ವಾರದ ರಜೆ

ಆ ಬಸ್ ಡಿಪೋದಲ್ಲಿ ನಲವತ್ತೆರಡು ಬಸ್ಸುಗಳಿದ್ದವು. ಯಾವ ಬಸ್ಸನ್ನು ಯಾವ ಡ್ರೈವರ್ ಎಷ್ಟು ಗಂಟೆಗೆ ಎಲ್ಲಿಗೆ ಓಡಿಸಬೇಕೆಂದು ಬರೆಯುತ್ತಿದ್ದವಳು ಒಬ್ಬಳೇ ಗುಮಾಸ್ತೆ. ಎಲ್ಲರೂ ಅವಳನ್ನು ಚಾರ್ಟಮ್ಮ ಎಂದೇ ಕರೆಯುತ್ತಿದ್ದರು. ಕೆಂಪು ಶಾಯಿಯಲ್ಲಿ ಅವಳು ಎಳೆಯುವ ಗೆರೆ ಎಷ್ಟು ನೇರವೆಂದರೆ, ಗೋಡೆಯ ಇರುವೆಗಳು ಅಡ್ಡಾದಿಡ್ಡಿ ಹೋಗಲು ನಾಚಿ ಅದರ ಮೇಲೆಯೇ ಸಾಲಾಗಿ ನಡೆಯುತ್ತಿದ್ದವು.

ಒಮ್ಮೆ ಮನೆಯ ಒಲೆ ಕೆಟ್ಟಿತು. ರಿಪೇರಿಯವನು ನಾಳೆ ನಾಳೆ ಎನ್ನುತ್ತ ಹನ್ನೆರಡು ದಿನ ಕಳೆದ. ಅಷ್ಟು ದಿನ ಗಂಡ, ಅತ್ತೆ ಹೋಟೆಲಿನ ಊಟ ತರಿಸಿಕೊಂಡರೆ, ಚಾರ್ಟಮ್ಮ ಹಸಿ ತರಕಾರಿ, ನೆನೆಸಿದ ಕಾಳು, ಹಣ್ಣು ತಿಂದಳು. ಒಲೆ ಸರಿಹೋದ ಮೇಲೂ ಅವಳು ಸರಿಹೋಗಲಿಲ್ಲ. ಡಿಪೋದಿಂದ ಬಂದು ಬೇಯಿಸಿ, ಬಡಿಸಿ, ಪಾತ್ರೆ ತಿಕ್ಕುವಷ್ಟರಲ್ಲಿ ಮಾಯವಾಗುತ್ತಿದ್ದ ಸಂಜೆ ಈಗ ಕೈಗೆ ಸಿಕ್ಕಿತ್ತು. ಅದನ್ನು ಮತ್ತೆ ಒಲೆಗೆ ಹಾಕಲು ಮನಸ್ಸು ಬರಲಿಲ್ಲ.

"ಇನ್ಮೇಲೆ ರಾತ್ರಿ ಊಟ ಎಲ್ಲರಿಗೂ ಹಸೀದೇ," ಎಂದಳು. ಡಿಪೋದಲ್ಲೇ ಮೆಕ್ಯಾನಿಕ್ ಆಗಿದ್ದ ಗಂಡ ತಲೆಯಾಡಿಸಿದ. ಬೋಲ್ಟು ಹುರಿದಿಟ್ಟರೂ ಇನ್ನೊಂದೆರಡು ಹಾಕು ಎನ್ನುವ ಜಾತಿ ಅದು. ತಕರಾರು ತೆಗೆದವರು ಅತ್ತೆ.

"ನನಗೇನು ಕೊಂಬು ಬಂದಿದೆಯೇನೇ? ದಿನಾ ಅದೇ ಸೌತೆಕಾಯಿ, ಅದೇ ಕ್ಯಾರೆಟ್ಟು! ಮೂರನೇ ದಿನಕ್ಕೆ ನಾನು ಮ್ಯಾ ಅಂತೀನಿ, ನೋಡ್ತಿರು."

"ಅದೇ ಯಾಕೆ ಅತ್ತೆ? ದಿನಾ ಬೇರೆ ಬೇರೆ ಮಾಡ್ತೀನಿ."

"ಮೂವತ್ತು ದಿನ ಮಾಡು. ಒಂದೇ ಒಂದು ತಟ್ಟೆ ಎರಡನೇ ಸಲ ಬಂತೋ, ಅವತ್ತಿನಿಂದ ದಿನಾ ಸಂಜೆ ನೀನು ಒಲೆ ಹಚ್ಚಬೇಕು. ಬರದೇ ಇದ್ರೆ, ಪಕ್ಕದ್ಮನೆಯವಳಿಗೆ ಕೇಳೋ ಹಾಗೆ ಹೇಳ್ತೀನಿ, ನನ್ನ ಸೊಸೆ ಗೆದ್ಲು ಅಂತ."

ಇದು ಸಣ್ಣ ಪಂದ್ಯವಲ್ಲ. ಇಪ್ಪತ್ತು ವರ್ಷದ ಹಿಂದೆ ಯಾರ ಮನೆಯ ಊಟದಲ್ಲಿ ಉಪ್ಪು ಒಂದು ಹರಳು ಹೆಚ್ಚಾಗಿತ್ತೆಂದು ತಾರೀಖು ಸಮೇತ ಹೇಳಬಲ್ಲ ನಾಲಿಗೆ ಅತ್ತೆಯದು. ಸೊಸೆಯನ್ನು ಹೊಗಳಬೇಕಾದಾಗ ಮಾತ್ರ ಅದಕ್ಕೆ ಲಕ್ವ ಹೊಡೆಯುತ್ತಿತ್ತು.

ಚಾರ್ಟಮ್ಮ ಡಿಪೋದ ಹಳೇ ಡ್ಯೂಟಿ ಹಾಳೆಗಳ ಹಿಂಬದಿಯಲ್ಲಿ ಕೆಂಪು ಗೆರೆ ಎಳೆದು ಕೂತಳು. ಕರುಕುರು ಎನ್ನುವುದೊಂದು, ಹುಳಿಯದೊಂದು, ಹೊಟ್ಟೆಗೆ ಆಧಾರವಾಗುವ ಕಾಳೊಂದು, ಕೊನೆಗೊಂದು ಹಣ್ಣು: ತಟ್ಟೆಗೆ ಇಷ್ಟೇ. ಇವತ್ತು ಮುಂದೆ ಓಡಿದ ತರಕಾರಿ ನಾಳೆ ಹಿಂದಿನ ಸೀಟಿಗೆ. ತುರಿದ ಕ್ಯಾರೆಟ್ಟಿಗೆ ನಿಂಬೆ ಹಿಂಡಿದರೆ ಒಂದು ರುಚಿ, ಅದನ್ನೇ ಉದ್ದ ಸೀಳಿ ಎಳ್ಳಿನ ಪುಡಿ ಉದುರಿಸಿದರೆ ಇನ್ನೊಂದು. ಮೊಳಕೆ ಹೆಸರುಕಾಳು ದೂರದ ಊರಿನ ಬಸ್ಸಿದ್ದಂತೆ, ಎರಡು ದಿನ ಮುಂಚೆ ನೀರಿಗೆ ಬಿಟ್ಟರೆ ಸರಿಯಾದ ಹೊತ್ತಿಗೆ ತಟ್ಟೆ ತಲುಪುತ್ತದೆ. ಪ್ರತಿ ತರಕಾರಿಗೂ ವಾರಕ್ಕೊಂದು ರಜೆ. ತೆಂಗಿನಕಾಯಿ ಮಾತ್ರ ಸದಾ ಸ್ಪೇರ್ ಬಸ್ಸು, ಯಾರು ಕೈಕೊಟ್ಟರೂ ಹೊರಡಲು ತಯಾರು.

ಅವಳು ನಸುಕಿಗೇ ಕೆಲಸಕ್ಕೆ ಹೋಗುವುದರಿಂದ, ದಿನಾ ಹೊರಡುವ ಮುಂಚೆ ಅಡುಗೆಮನೆಯ ಮೊಳೆಗೆ ನೇತುಹಾಕಿದ ಅವತ್ತಿನ ಹಾಳೆ ನೋಡಿ ಕಾಳು ನೆನೆಸುವ ಕೆಲಸ ಅತ್ತೆಗೆ ಬಿತ್ತು. ಹೀಗಾಗಿ ಆ ಪಂದ್ಯದಲ್ಲಿ ಎದುರಾಳಿಯೂ ಅವರೇ, ಅಂಪೈರೂ ಅವರೇ, ಚೆಂಡು ಹೆಕ್ಕಿ ಕೊಡುವವರೂ ಅವರೇ.

ಇಪ್ಪತ್ತೊಂಬತ್ತು ತಟ್ಟೆಗಳು ಒಂದರ ಮುಖ ಇನ್ನೊಂದಕ್ಕೆ ಕಾಣದಂತೆ ದಾಟಿಹೋದವು. ಅತ್ತೆ ಪ್ರತಿ ತುತ್ತನ್ನೂ ಕಳ್ಳನನ್ನು ವಿಚಾರಿಸಿದಂತೆ ಅಗಿದರು, ಏನೂ ಸಿಗಲಿಲ್ಲ.

ಮೂವತ್ತನೇ ದಿನ ಬೆಳಿಗ್ಗೆ ಚಾರ್ಟಮ್ಮ ಡಿಪೋದ ಬೋರ್ಡಿಗೆ ಹಾಳೆ ಚುಚ್ಚಿ ಕುರ್ಚಿಯಲ್ಲಿ ಕೂತಿದ್ದಳಷ್ಟೇ. ಬೋರ್ಡಿನ ಮುಂದೆ ಡ್ರೈವರುಗಳ ಗುಂಪು ಸೇರಿ ನಗು ಶುರುವಾಯಿತು.

"ಮೇಡಂ," ಎಂದ ಮೀಸೆಯ ಡ್ರೈವರ್, "ಮೂಲಂಗಿಗೆ ವಾರದ ರಜೆ ಕೊಟ್ಟಿದ್ದೀರಿ, ಸಂತೋಷ. ನಂಗೆ ಯಾವಾಗ?"

"ನೀನು ಕಡಲೆಬೀಜದ ಜೊತೆ ನೆನಿಬೇಕಂತೆ ಕಣೋ!" ಎಂದ ಇನ್ನೊಬ್ಬ.

ಚಾರ್ಟಮ್ಮ ಎದ್ದು ಹೋಗಿ ಹಾಳೆ ನೋಡಿದಳು. ಎರಡೂ ಹಾಳೆ ಒಂದೇ ಚೀಲದಲ್ಲಿದ್ದವು, ಎರಡಕ್ಕೂ ಅದೇ ಕೆಂಪು ಗೆರೆ. ಊಟದ್ದು ಇಲ್ಲಿಗೆ ಬಂದಿತ್ತು, ಡ್ಯೂಟಿಯದು ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅವಳು ಹೊಸ ಹಾಳೆ ಎಳೆದುಕೊಂಡು, ನಲವತ್ತೆರಡು ಬಸ್ಸುಗಳ ಡ್ಯೂಟಿಯನ್ನು ನೆನಪಿನಿಂದಲೇ ಒಂಬತ್ತು ನಿಮಿಷದಲ್ಲಿ ಬರೆದಳು. ಒಂದು ಬಸ್ಸೂ ತಡವಾಗಲಿಲ್ಲ. ನಗುತ್ತಿದ್ದವರು ಬಾಯಿ ಮುಚ್ಚಿಕೊಂಡು ಸ್ಟೀರಿಂಗ್ ಹಿಡಿದರು.

ಆದರೆ ಮನೆಯಲ್ಲಿ? ಕಡಲೆಬೀಜ ಈಗಲೇ ನೆನೆಯದಿದ್ದರೆ ಸಂಜೆಗೆ ಹೊಸ ತಟ್ಟೆಯೇ ಇಲ್ಲ, ಹಳೆಯದೊಂದನ್ನೇ ಮತ್ತೆ ಇಡಬೇಕು. ಫೋನು ಮಾಡಿದಳು. ಅತ್ತೆಯ ಫೋನು ಎಂದಿನಂತೆ ಬೀರುವಿನಲ್ಲಿ, ಬಟ್ಟೆಗಳ ನಡುವೆ ತನ್ನ ಪಾಡಿಗೆ ಹಾಡಿ ಸುಮ್ಮನಾಯಿತು. ಇಪ್ಪತ್ತೊಂಬತ್ತು ದಿನದ ದುಡಿಮೆ ಒಂದು ಹಾಳೆಯಿಂದ ಮಣ್ಣುಪಾಲು ಎಂದುಕೊಂಡೇ ಅವಳು ಸಂಜೆ ಬಾಗಿಲು ತೆಗೆದು, ಮೊದಲು ಮೂಗರಳಿಸಿ ನೋಡಿದಳು. ಬೆಂದ ವಾಸನೆ ಇರಲಿಲ್ಲ.

ಮೇಜಿನ ಮೇಲೆ ಮೂರು ತಟ್ಟೆ. ತಿರುಳು ತೆಗೆದ ಟೊಮೆಟೊಗಳೊಳಗೆ, ನೆನೆಸಿ ಕುಟ್ಟಿದ ಕಡಲೆಬೀಜ, ಹಸಿ ಮಾವಿನ ತುರಿ. ಮೇಲೆ ಕೊತ್ತಂಬರಿ ಎಲೆಯೊಂದು ಪೇಟದ ತುರಾಯಿಯಂತೆ ನಿಂತಿತ್ತು. ಇಂಥದ್ದು ಮೂವತ್ತು ದಿನದ ಯಾವ ಹಾಳೆಯಲ್ಲೂ ಇರಲಿಲ್ಲ.

"ನಿನ್ನ ಚಾರ್ಟ್ ಓದಿದೆ," ಎಂದರು ಅತ್ತೆ. "ಹದಿನಾಲ್ಕನೇ ನಂಬರ್ ಬಸ್ಸನ್ನ ಬೇಯಿಸಿ ತಿನ್ನೋಕೂ ಆಗಲ್ಲ, ಹಸಿಯಾಗಿ ತಿನ್ನೋಕೂ ಆಗಲ್ಲ. ಅದಕ್ಕೇ ನಂಗೆ ತೋಚಿದ್ದು ಮಾಡಿದೆ."

"ಸುಮ್ನೆ ಇದ್ದಿದ್ರೆ ನೀವೇ ಗೆಲ್ತಿದ್ರಲ್ಲ ಅತ್ತೆ!"

"ಹಾಳೆ ಅದಲುಬದಲಾಗಿ ಗೆದ್ರೆ ಅದೊಂದು ಗೆಲುವೇನೇ? ಅಲ್ಲದೆ ಇಪ್ಪತ್ತೊಂಬತ್ತು ದಿನ ನೆನೆಸಿದ್ದು ಯಾರ ಕೈ?" ಎಂದವರೇ, ಅವಳ ಉತ್ತರಕ್ಕೂ ಕಾಯದೆ ಪಕ್ಕದ ಮನೆಯ ಕಡೆಯ ಹಿತ್ತಲ ಗೋಡೆಯ ಬಳಿ ಹೋಗಿ ನಿಂತರು.

"ಏನ್ರೀ, ಕೇಳಿಸ್ತಾ? ಮೂವತ್ತು ದಿನ, ಮೂವತ್ತು ಥರ ಊಟ. ಒಂದು ಸಂಜೆನೂ ಒಲೆ ಮುಟ್ಟಿಲ್ಲ. ನನ್ನ ಸೊಸೆ ಗೆದ್ಲು!" ಕೂಗು ನಾಲ್ಕು ಬೀದಿ ದಾಟಿತೆಂದು ಗಂಡ ಇಂದಿಗೂ ಸಾಧಿಸುತ್ತಾನೆ. "ಕೊನೇದು ಮಾತ್ರ ನಾನು ಮಾಡಿದ್ದು. ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು."

ಒಳಗೆ ಚಾರ್ಟಮ್ಮ ಟೊಮೆಟೊ ಬಾಯಿಗಿಟ್ಟು ನೋಡಿದಳು. ನಿಜವಾಗಿಯೂ ಚೆನ್ನಾಗಿತ್ತು. ಎರಡನೆಯದನ್ನೂ ಕೈಗೆತ್ತಿಕೊಂಡಳು.

ಮರುವಾರದ ಹಾಳೆಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದಾಗ ಅತ್ತೆ ಹಿಂದಿನಿಂದ ಇಣುಕಿದರು.

"ಮೂಲಂಗಿಗೆ ರಜೆ, ಬೀಟ್‌ರೂಟಿಗೆ ರಜೆ. ನಂಗೆ?"

"ಬುಧವಾರ, ಅತ್ತೆ."

"ಅವತ್ತು ಕಾಳು ನೆನೆಸೋದು ಯಾರು?"

ಇಬ್ಬರೂ ಒಟ್ಟಿಗೆ ತಿರುಗಿ, ಮೂಲೆಯಲ್ಲಿ ಕ್ಯಾರೆಟ್ ಕಡಿಯುತ್ತ ಕೂತಿದ್ದ ಮೆಕ್ಯಾನಿಕ್ ಕಡೆ ನೋಡಿದರು.