ಮುಂಗುಸಿಯ ಗುಂಪು

ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ, ಬಸ್ ಪಾಸಿನ ಜೊತೆ ಕರ್ಚೀಫಿನಲ್ಲಿ ಸುತ್ತಿದ ಮೇಕೆಯ ದವಡೆಯೊಂದು ಸದಾ ಇರುತ್ತಿತ್ತು. ಟಿ. ನರಸೀಪುರದಿಂದ ನಂಜನಗೂಡಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಸೈನ್ಸ್ ಮೇಡಂ, ಪಾಠಕ್ಕೆ ಮುಂಚೆ ಅದನ್ನು ಮೇಜಿನ ಮೇಲಿಡುತ್ತಿದ್ದರು. ಊಟದ ಡಬ್ಬಿಯೂ ಅದೇ ಬ್ಯಾಗಿನಲ್ಲಿ. ನಮಗೆ ಹೇಸಿಗೆ, ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ.

ಸಸ್ತನಿಗಳ ಗುಂಪುಗಳನ್ನು ಅವರು ಬೋರ್ಡಿನ ಮೇಲೆ ಬರೆದವರಲ್ಲ. ಒಬ್ಬೊಬ್ಬರಿಗೂ ಒಂದೊಂದು ಪ್ರಾಣಿ ಕೊಟ್ಟು ಮೂಲೆಗಳಿಗೆ ಅಟ್ಟುತ್ತಿದ್ದರು. ಗೊರಸಿನವು ಕಿಟಕಿ ಹತ್ತಿರ, ಕೊರೆದು ತಿನ್ನುವ ಇಲಿ, ಅಳಿಲು ಬಾಗಿಲ ಬಳಿ, ಕೋರೆಹಲ್ಲಿನ ಬೇಟೆಗಾರರು ಹಿಂದೆ. ಮುಂಗುಸಿಯಾಗಿದ್ದ ನಾನು ಅಳಿಲಿನ ಪಕ್ಕ ನಿಂತೆ. ಇಡೀ ಕ್ಲಾಸು ಸರಿ ಎಂದಿತು.

“ಬಾಲ ನೋಡಿ ನೆಂಟಸ್ತನ ಮಾಡ್ತೀಯೇನೇ? ಹಲ್ಲು ನೋಡು, ಹಲ್ಲು!” ಎಂದು ಕಿವಿ ಹಿಂಡಿ, ನಾಯಿ ಬೆಕ್ಕುಗಳ ನಡುವೆ ನಿಲ್ಲಿಸಿದರು.

ಹೋದ ವರ್ಷ ದೇವನೂರಿನ ನಮ್ಮ ಹಿತ್ತಲಿಗೆ ಹಾಡುಹಗಲೇ ಬಂದ ಮುಂಗುಸಿಯೊಂದು, ಅಟ್ಟಿದರೂ ಓಡದೆ, ನನ್ನ ಮಗಳ ಪಾದ ಕಚ್ಚಿತು. ಅತ್ತೆ ಗಾಬರಿಯಾಗಲಿಲ್ಲ. “ಮುಂಗ್ಸಿ ಕಂಡ್ರೇ ಒಳ್ಳೇದು ಕಣವ್ವಾ. ನಾಯೇನಾ ಅದು? ಅರಿಸ್ಣ ಅಚ್ಚು, ಸರಿಯೋಯ್ತದೆ.”

ನನಗೂ ಹಾಗೇ ನಂಬಿಬಿಡುವ ಆಸೆ. ಆದರೆ ಮೇಡಂ ಹಿಂಡಿದ್ದ ಕಿವಿ ಬಿಸಿಯಾಯಿತು. ರಿಟೈರಾಗಿ ನರಸೀಪುರದ ಮನೆಯಲ್ಲಿದ್ದ ಅವರಿಗೆ ಫೋನ್ ಮಾಡಿ, ಮುಂಗುಸಿ ಕಚ್ಚಿದ್ದನ್ನು ಹೇಳಿದೆ.

“ಮುಂಗುಸಿ ಯಾವ ಗುಂಪು, ಹೇಳು.”

“ನಾಯಿ, ಬೆಕ್ಕಿಂದು ಮೇಡಂ.”

“ಗೊತ್ತಿದ್ದೂ ಫೋನ್ ಹಿಡ್ಕೊಂಡು ನಿಂತಿದೀಯಲ್ಲೇ! ಹುಚ್ಚು ಅದಕ್ಕೂ ಹಿಡಿಯುತ್ತೆ ಕಣೇ. ಸೋಪು ಹಾಕಿ ನಲ್ಲಿ ಕೆಳಗೆ ಚೆನ್ನಾಗಿ ತೊಳಿ. ಬಸ್ಸಿಗೆ ಕಾಯಬೇಡ, ಯಾರ ಬೈಕಾದ್ರೂ ಹತ್ತಿ ಆಸ್ಪತ್ರೆಗೆ ಓಡು.”

ನಂಜನಗೂಡಿನಲ್ಲಿ ಸೂಜಿ ಶುರುವಾಯಿತು. ಸರಿಯಾದ ಹೊತ್ತಿಗೆ ಬಂದಿರಿ ಎಂದು ಡಾಕ್ಟರು ಹೇಳಿದರೂ ನನ್ನ ಭಯ ಇಳಿಯಲಿಲ್ಲ. ಹುಚ್ಚು ಹಿಡಿದರೆ ನೀರು ಕಂಡರೆ ಆಗುವುದಿಲ್ಲ ಎಂದು ಕೇಳಿದ್ದೆನಲ್ಲ, ಮಗಳು ಲೋಟ ಎತ್ತಿದಾಗಲೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆ. ಧೈರ್ಯ ಹೇಳಬೇಕಾದ ಮೇಡಂ ನನಗಿಂತ ಪುಕ್ಕಲು. ದಿನಾ ಬೆಳಿಗ್ಗೆ ಅದೇ ಫೋನು, “ನೀರು ಕುಡಿದ್ಳೇನೇ?” ಸೂಜಿಗಳು ಮುಗಿದು ತಿಂಗಳುಗಳಾದರೂ ಅದು ನಿಲ್ಲಲಿಲ್ಲ. ಇನ್ನೇನೂ ಆಗಲ್ಲ ಬಿಡಿ ಮೇಡಂ ಎಂದರೆ, “ಅದೆಲ್ಲ ಇರಲಿ, ಕುಡಿದ್ಳೋ ಇಲ್ವೋ ಹೇಳು,” ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ನರಸೀಪುರಕ್ಕೆ ಹೋಗಿ ಮುಖ ನೋಡಿ ಬಂದೆ. ಮಾರನೆಯ ಬೆಳಿಗ್ಗೆ ಮಗಳು ಒಂದು ಲೋಟ ನೀರನ್ನು ಗಟಗಟ ಕುಡಿದು ಸ್ಕೂಲಿಗೆ ಓಡಿದಳು. ಫೋನ್ ಸುಮ್ಮನೆ ಬಿದ್ದಿತ್ತು. “ಕುಡಿದ್ಳು ಮೇಡಂ,” ಎಂದು ಗೋಡೆಗೆ ಹೇಳಿ ಅತ್ತುಬಿಟ್ಟೆ.