ಎರೆಯುವ ಕೈ

ದೋಸೆಯ ವಿಷಯದಲ್ಲಿ ಪ್ರೀತಮನ ಜಂಬ ಹೇಳತೀರದು. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ವರ್ಷಗಟ್ಟಲೆ ಕಾವಲಿಯ ಮುಂದೆ ನಿಂತವನು. ಬ್ಯಾಂಕಿನ ಸಾಹೇಬರೂ ಅವನು ಇದ್ದಾನೆಯೇ ಎಂದು ಕೇಳಿಕೊಂಡೇ ಒಳಗೆ ಬರುತ್ತಾರಂತೆ. ಹಾಗೆಂದು ಹೇಳುವವನೂ ಅವನೇ ಬಿಡಿ. ಮಗಳು ಹುಟ್ಟಿದ ಮೇಲಂತೂ ಜಂಬ ಇಮ್ಮಡಿಯಾಯಿತು. ಲೋಕಲ್ ರೈಲಿನಲ್ಲಿ ಪಕ್ಕ ಕೂತವರಿಗೆಲ್ಲ ಮೊಬೈಲಿನಲ್ಲಿ ಅವಳ ಫೋಟೊ ತೋರಿಸುತ್ತಿದ್ದ.

ಆದರೆ ಮನೆಯಲ್ಲಿ ಅವನಿಗೆ ಒಂದೇ ಚಿಂತೆ. ಬಾಣಂತನಕ್ಕೆಂದು ಉಡುಪಿಯಿಂದ ಆಂಟಾಪ್ ಹಿಲ್‌ಗೆ ಬಂದಿದ್ದ ಅತ್ತೆ ಶೀಲಾವತಿ, ತಮ್ಮ ಮಗಳು ನಿಶಾಳನ್ನೂ ಕೂಸನ್ನೂ ಊರಿಗೆ ಕರೆದೊಯ್ಯುವ ಹಟ ಹಿಡಿದಿದ್ದರು. ಹೋದರೆ ಐದು ತಿಂಗಳು. ಅಷ್ಟರಲ್ಲಿ ಕೂಸು ಅಪ್ಪನ ಮುಖವನ್ನೇ ಮರೆತರೆ? ನಿಶಾಳಿಗೂ ಹೋಗುವ ಮನಸ್ಸಿರಲಿಲ್ಲ. ಆದರೆ ಹಸಿ ಬಾಣಂತಿ ಬಗ್ಗಬಾರದು, ಶೀಲಾವತಿಗೆ ಮೊಣಕಾಲು ನೋವು; ಊರಲ್ಲಾದರೆ ಕೂಸನ್ನು ಮೀಯಿಸಲು ಜನ ಇದ್ದಾರೆ ಎನ್ನುವುದು ಅವರ ವಾದ. ಪಕ್ಕದ ಮನೆಯ ಭಾಗವ್ವ ದಿನವೂ ಬಂದು ಕೂಸನ್ನು ಮೀಯಿಸುತ್ತಿದ್ದುದರಿಂದ ಹೇಗೋ ನಡೆದಿತ್ತು.

ಒಂದು ಸಂಜೆ ಪ್ರೀತಮ್ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಭಾಗವ್ವ ಹೇಳುತ್ತಿದ್ದಳು: "ನಾಳೆ ನಾ ಊರಿಗೆ ಹೊಂಟೀನಿ. ಇನ್ನ ಯಾರ ಎರೀತಾರ?"

ಹಸಿದವನ ಕಿವಿಗೆ ಬಿದ್ದದ್ದು ಕೊನೆಯ ಮಾತಷ್ಟೇ. ಅವನ ಊರಲ್ಲಿ ಎರೆಯುವುದೆಂದರೆ ದೋಸೆ.

"ಯಾರು ಅಂತ ಕೇಳುವುದೆಂತ? ನಾನೇ ಎರೆಯುತ್ತೇನೆ! ನನ್ನ ಹಾಗೆ ಎರೆಯುವವ ಇಡೀ ಫೋರ್ಟಿನಲ್ಲಿ ಇನ್ನೊಬ್ಬ ಇಲ್ಲ!"

ಭಾಗವ್ವ ಮೂಗಿನ ಮೇಲೆ ಬೆರಳಿಟ್ಟಳು. ಅವಳ ಬಿಜಾಪುರದ ಕಡೆ ಎರೆಯುವುದೆಂದರೆ ಕೂಸಿಗೆ ನೀರು ಹಾಕಿ ಮೀಯಿಸುವುದು. "ಗಂಡಸರು ಕೂಸಿಗೆ ಎರಿಯೂದು ನಾ ಎಲ್ಲೂ ಕಂಡಿಲ್ಲ, ತಮ್ಮಾ!"

ಗಂಡನ ಎಡವಟ್ಟು ನಿಶಾಳಿಗೆ ತಕ್ಷಣ ತಿಳಿಯಿತು. ತಿದ್ದುವ ಬದಲು, "ಕೇಳಿದೆಯಲ್ಲ ಅಮ್ಮ, ನಾಳೆಯಿಂದ ಇವರೇ ಮೀಯಿಸುತ್ತಾರಂತೆ" ಎಂದಳು.

"ನೋಡುವ," ಎಂದರು ಶೀಲಾವತಿ. "ಆಗದಿದ್ದರೆ ನಾಡಿದ್ದು ರೈಲು ಹತ್ತುವುದೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳಿಗ್ಗೆ ಪ್ರೀತಮ್ ಲುಂಗಿ ಎತ್ತಿಕಟ್ಟಿ, ಮಣೆಯ ಮೇಲೆ ಕೂತು ಕಾಲು ಚಾಚಿದ. ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿದರು. ಬಿಲ್ಡಿಂಗಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಕಿಸಕ್ಕೆನ್ನುತ್ತಿದ್ದರು. ಬಕೆಟ್ಟಿಗೆ ಕೈ ಅದ್ದಿದ. ನೀರು ಹದವಾಗಿ ಉಗುರುಬೆಚ್ಚಗಿದೆ ಅನಿಸಿತು. ಚೆಂಬು ತುಂಬಿ ಎತ್ತಿದವನು ಹಾಗೆಯೇ ತಡೆದ. ಕಾದ ಕಾವಲಿ ಮುಟ್ಟಿ ಮುಟ್ಟಿ ಜಡ್ಡುಗಟ್ಟಿದ ಕೈ ಅದು. ಬರಿಗೈಯಲ್ಲಿ ಬಿಸಿ ಪಾತ್ರೆ ಇಳಿಸುತ್ತೇನೆಂದು ಹೋಟೆಲಿನಲ್ಲಿ ಮೆರೆಯುತ್ತಿದ್ದ ಕೈ.

ಅಷ್ಟು ಜನರ ಮುಂದೆ ಅವನು ಚೆಂಬು ಕೆಳಗಿಟ್ಟ. "ಅತ್ತೆ, ನನ್ನ ಕೈಗೆ ಬಿಸಿ ಗೊತ್ತಾಗುವುದಿಲ್ಲ. ನೀವೊಮ್ಮೆ ಮುಟ್ಟಿ ನೋಡಿ."

ಶೀಲಾವತಿ ಬೆರಳು ಅದ್ದಿ ಚಟ್ಟನೆ ಹಿಂದೆಗೆದರು. ಬಾಗಿಲಲ್ಲಿ ನಗು ನಿಂತಿತು. ಅತ್ತೆ ತಣ್ಣೀರು ಬೆರೆಸಿ, ಮತ್ತೆ ಮುಟ್ಟಿ ನೋಡಿ, "ಹ್ಞಾಂ, ಈಗ ಹಾಕಿ" ಎಂದರು.

ಪ್ರೀತಮ್ ಹಾಕಿದ. ಕೂಸು ಒಮ್ಮೆ ಚೀರಿತು. ಬೆನ್ನ ಮೇಲೆ ನೀರು ಹರಿಯುತ್ತಿದ್ದಂತೆ ಅವನ ಕಾಲ ಮೇಲೆ ಹಾಯಾಗಿ ಕೆನ್ನೆಯೂರಿತು. ಅವನ ಕಣ್ಣು ತುಂಬಿ ಬಂತು.

"ಗೊತ್ತಾಗುವುದಿಲ್ಲ ಅನ್ನುವ ಮಾತು ನಿಮ್ಮ ಬಾಯಲ್ಲಿ ಇವತ್ತೇ ಕೇಳಿದ್ದು," ಎಂದಳು ನಿಶಾ, ಕೂಸನ್ನು ಟವೆಲಿನಲ್ಲಿ ಸುತ್ತುತ್ತ. ಅವಳಿಗೆ ಗಂಡನ ಮೇಲೆ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಅಷ್ಟರಲ್ಲಿ ಶೀಲಾವತಿ ಊರಿಗೆ ಫೋನು ಹಚ್ಚಿದ್ದರು. "ಇಲ್ಲ ಮಾರಾಯ್ರೆ, ನಾನೊಬ್ಬಳೇ ಬರುವುದು. ತಾಯಿ ಮಗು ಇಲ್ಲೇ ಇರಲಿ. ಕೂಸಿಗೆ ಅಪ್ಪ ಇದ್ದಾರೆ."